ಮಾತೋ? ಮಾತ್ರೆಯೋ?

ಆಘಾತದಿಂದ ಬೆದರಿದ ಮನಸ್ಸಿಗೆ ಯಾವ ಚಿಕಿತ್ಸೆ ಮೇಲು?

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಹೊಳೆದಂಡೆಯ ಊರು. ಗದ್ದೆಗೆ ನೀರು ಕೊಟ್ಟು ಕಣಜ ತುಂಬಿಸುವವಳು ಕಾವೇರಿ ತಾಯಿ. ಆದರೆ ಮೇಲೆ ಕನ್ನಂಬಾಡಿಯೂ ಕಬಿನಿಯೂ ಒಟ್ಟಿಗೆ ತುಂಬಿ ನೀರು ಬಿಟ್ಟಾಗ ಅದೇ ತಾಯಿ ಹೊಸ್ತಿಲು ದಾಟಿ ಒಳಗೆ ಬಂದುಬಿಡುತ್ತಾಳೆ. 2018ರಲ್ಲಿ ಬಂದಳು. 2019ರ ಆಗಸ್ಟಿನಲ್ಲಿ ಬಂದಳು. 2024ರಲ್ಲಿ ಮತ್ತೆ ಬಂದಳು. ಮುಳ್ಳೂರು, ದಾಸನಪುರ, ಹರಳೆ, ಹಳೇ ಅಣಗಳ್ಳಿ, ಹಳೇ ಹಂಪಾಪುರದ ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು, ದನಕರು ಹೊಡೆದುಕೊಂಡು ಎತ್ತರದ ಜಾಗ ಹುಡುಕಬೇಕಾಯಿತು.

ನೀರು ಇಳಿಯಿತು. ಕೆಸರು ಬಳಿದದ್ದಾಯಿತು, ಒಲೆ ಸಾರಿಸಿ ಬೆಂಕಿ ಹಾಕಿದ್ದೂ ಆಯಿತು. ಆದರೆ ಎಲ್ಲರ ಮನಸ್ಸಿನಿಂದಲೂ ನೀರು ಇಳಿದಿರುತ್ತದೆಯೆ? ಆಷಾಢದಲ್ಲಿ ನಾಲ್ಕು ಹನಿ ಬಿದ್ದರೆ ಸಾಕು ಎದೆ ಡವಡವ ಎನ್ನುವವರು, "ಹೊಳೆದಂಡೆಯ ಜನ ಎಚ್ಚರದಿಂದಿರಬೇಕು" ಎಂದು ಡಂಗುರ ಕೇಳಿಸಿದ ರಾತ್ರಿ ಕಣ್ಣುಮುಚ್ಚದೆ ಕೂರುವವರು, ಇಂಥವರು ಯಾವ ಹೊಳೆದಂಡೆಯ ಊರಲ್ಲೂ ಇರುತ್ತಾರೆ. ಕೇಳಿದರೆ, "ಏನಿಲ್ಲ ಕನಕ್ಕ, ಯಾಕೋ ನಿದ್ದೆ ಬರಲ್ಲ ಅಷ್ಟೆ" ಎನ್ನುತ್ತಾರೆ. ಆ 'ಅಷ್ಟೆ'ಯ ಹಿಂದೆ ಎಷ್ಟೋ ಇರುತ್ತದೆ.

ಈ ಸೀಮೆಗೆ ಬಂದ ಕಷ್ಟ ಹೊಳೆಯದೊಂದೇ ಅಲ್ಲ. 2018ರ ಡಿಸೆಂಬರ್ 14ರ ಶುಕ್ರವಾರ ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಪ್ರಸಾದವೆಂದು ಹಂಚಿದ ಬಾತಿನಲ್ಲಿ ಕ್ರಿಮಿನಾಶಕ ಬೆರೆತಿತ್ತು. ಹದಿನೇಳು ಜೀವ ಹೋಯಿತು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ದೇವರ ಮುಂದೆ ಕೈಯೊಡ್ಡಿ ಪಡೆದ ಅನ್ನವೇ ವಿಷವಾದ ಮೇಲೆ, ಬದುಕಿ ಬಂದವರಿಗೆ ತುತ್ತು ಎತ್ತುವಾಗ ಕೈ ನಡುಗಿದರೆ ಆಶ್ಚರ್ಯವೇನು? 2021ರ ಮೇ ತಿಂಗಳ ಮೊದಲ ವಾರ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ಆ ರಾತ್ರಿ 24 ರೋಗಿಗಳು ತೀರಿಕೊಂಡರು. ಅದಕ್ಕೂ ಹಿಂದೆ, ವೀರಪ್ಪನ್ ಕಾಲದಲ್ಲಿ, ಮಹದೇಶ್ವರ ಬೆಟ್ಟದ ಸುತ್ತಿನ ಕಾಡಂಚಿನ ಜನ ಒಂದು ಕಡೆ ಕಾಡುಗಳ್ಳನಿಗೂ ಇನ್ನೊಂದು ಕಡೆ ಅವನನ್ನು ಹುಡುಕುವವರಿಗೂ ಹೆದರಿ ಬದುಕಿದರು. ಆಗಿನ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತ್ತು. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು.

ಬಿದ್ದ ಗೋಡೆಗೆ, ಹೋದ ಜೀವಕ್ಕೆ ಸರ್ಕಾರ ಒಂದು ಲೆಕ್ಕ ಹಾಕಿ ಪರಿಹಾರ ಕೊಡುತ್ತದೆ. ಬೆದರಿದ ಮನಸ್ಸಿಗೆ ಪರಿಹಾರ ಯಾವುದು? ವೈದ್ಯಶಾಸ್ತ್ರದ ಹತ್ತಿರ ಇದಕ್ಕೆ ಎರಡು ದಾರಿಗಳಿವೆ. ಒಂದು ಮಾತಿನ ಚಿಕಿತ್ಸೆ, ಇನ್ನೊಂದು ಮಾತ್ರೆ. ಯಾವುದು ಮೇಲು, ಯಾವುದು ಯಾರಿಗೆ, ನಮ್ಮಂಥ ಸಣ್ಣ ಊರಿನವರ ಕೈಗೆ ಎಟುಕುವುದು ಯಾವುದು? ಬನ್ನಿ, ಸಾವಧಾನವಾಗಿ ನೋಡೋಣ.

ಹೇಡಿತನವಲ್ಲ, ಗಾಳಿಯೂ ಅಲ್ಲ

ಜೀವಕ್ಕೆ ಸಂಚಕಾರ ತರುವಂಥ ಘಟನೆಯನ್ನು ಅನುಭವಿಸಿದ, ಇಲ್ಲವೇ ಕಣ್ಣಾರೆ ಕಂಡ ಮೇಲೆ ಕೆಲವರಿಗೆ ಬರುವ ಕಾಯಿಲೆ ಇದು. ವೈದ್ಯರು ಇದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ, ಚುಟುಕಾಗಿ ಪಿ.ಟಿ.ಎಸ್.ಡಿ. ಮೊದಲನೇ ಮಹಾಯುದ್ಧದ ಸೈನಿಕರಲ್ಲಿ ಇದನ್ನು ಕಂಡಾಗ ಅದಕ್ಕೆ ಬೇರೆ ಹೆಸರಿತ್ತು. ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ಈಗಿನ ಹೆಸರು ಸೇರಿದ್ದು 1980ರಲ್ಲಿ. ಅದರ ಮರುವರ್ಷ, 1981ರ ಫೆಬ್ರುವರಿ 7ರಂದು, ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡವರ ಮನಸ್ಥಿತಿಯನ್ನು ನಿಮ್ಹಾನ್ಸ್ ವೈದ್ಯರು ಅಭ್ಯಾಸ ಮಾಡಿದರು. ದುರಂತದ ನಂತರದ ಮನಸ್ಸಿನ ಬಗ್ಗೆ ನಮ್ಮ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು.

ಇದರ ಗುರುತುಗಳನ್ನು ನಾಲ್ಕು ಗುಂಪು ಮಾಡಬಹುದು.

ಒಂದು, ಆದದ್ದು ಮತ್ತೆ ಮತ್ತೆ ಕಣ್ಣಮುಂದೆ ಬರುವುದು. ಬೇಡವೆಂದರೂ ನೆನಪು ನುಗ್ಗುತ್ತದೆ, ಕೆಟ್ಟ ಕನಸು ಬೀಳುತ್ತದೆ. ಬರಿಯ ನೆನಪಲ್ಲ, ಈಗಲೇ ನಡೆಯುತ್ತಿದೆ ಎನ್ನುವ ಹಾಗೆ ಮೈಯೆಲ್ಲ ಬೆವರುತ್ತದೆ.

ಎರಡು, ಅದನ್ನು ನೆನಪಿಸುವ ಜಾಗ, ಮಾತು, ವಾಸನೆ ಎಲ್ಲದರಿಂದ ತಪ್ಪಿಸಿಕೊಳ್ಳುವುದು. ಹೊಳೆಯ ಕಡೆ ತಲೆ ಹಾಕುವುದಿಲ್ಲ, ದೇವಸ್ಥಾನದಲ್ಲಿ ಪ್ರಸಾದ ಮುಟ್ಟುವುದಿಲ್ಲ.

ಮೂರು, ಸ್ವಭಾವವೇ ಬದಲಾಗುವುದು. "ನನ್ನಿಂದಲೇ ಹೀಗಾಯಿತು, ನಾನೇ ಮಗನ ಕೈ ಬಿಟ್ಟೆ" ಎಂಬ ಕೊರಗು, ಯಾರ ಮೇಲೂ ನಂಬಿಕೆ ಇಲ್ಲದಿರುವುದು, ಹಬ್ಬ-ಹರಿದಿನ ಬಂದರೂ ಉತ್ಸಾಹವಿಲ್ಲದಿರುವುದು.

ನಾಲ್ಕು, ಸದಾ ಕಾವಲು ಕಾಯುವಂತೆ ಇರುವುದು. ತಟ್ಟೆ ಬಿದ್ದ ಸದ್ದಿಗೂ ಬೆಚ್ಚಿಬೀಳುವುದು, ಸಿಡುಕು, ನಿದ್ದೆಗೇಡು.

ಈ ನಾಲ್ಕೂ ಬಗೆಯ ಗುರುತುಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದು, ಮನೆಗೆಲಸ, ದುಡಿಮೆ, ಸಂಸಾರಕ್ಕೆ ತೊಡಕಾದರೆ ಮಾತ್ರ ಅದನ್ನು ಕಾಯಿಲೆ ಎನ್ನುತ್ತಾರೆ. ಇದು ಹೇಡಿತನವಲ್ಲ. ಗಾಳಿ ಸೋಕಿದ್ದೂ ಅಲ್ಲ. ಅಪಾಯ ಬಂದಾಗ ಮೈಯನ್ನು ಎಚ್ಚರಿಸುವ ಗಂಟೆಯೊಂದು ಮಿದುಳಿನಲ್ಲಿದೆ. ಅಪಾಯ ಹೋದ ಮೇಲೂ ಆ ಗಂಟೆ ನಿಲ್ಲದೆ ಹೊಡೆದುಕೊಳ್ಳುತ್ತಲೇ ಇರುವುದು ಈ ಕಾಯಿಲೆ.

ಮೊದಲ ತಿಂಗಳು ಅವಸರ ಬೇಡ

ದುರಂತ ಕಂಡವರಿಗೆಲ್ಲ ಈ ಕಾಯಿಲೆ ಬರುವುದಿಲ್ಲ. ಮೊದಲ ಕೆಲವು ದಿನ ಅಳು, ನಡುಕ, ನಿದ್ದೆ ಬಾರದಿರುವುದು ಎಲ್ಲವೂ ಸಹಜ. ಹೆಚ್ಚಿನವರು ನೆರೆಹೊರೆಯವರ ಆಸರೆಯಿಂದ, ಕೆಲಸಕ್ಕೆ ಮರಳುವುದರಿಂದ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಗಂಜಿಕೇಂದ್ರದಲ್ಲಿ ಒಂದು ಲೋಟ ಬಿಸಿ ಕಾಫಿ ಕೈಗಿಟ್ಟು, "ಮಕ್ಕಳು ಎಲ್ಲಿ? ಊಟ ಆಯ್ತಾ?" ಎಂದು ಕೇಳುವವಳು ಆ ಹೊತ್ತಿಗೆ ಯಾವ ವೈದ್ಯರಿಗೂ ಕಡಿಮೆಯಲ್ಲ.

ಈ ಕಾಲದಲ್ಲಿ ಎರಡು ತಪ್ಪು ಆಗುತ್ತದೆ. ಮೊದಲನೆಯದು, "ಏನಾಯ್ತು, ಹೇಗಾಯ್ತು, ಹೇಳು ಹೇಳು" ಎಂದು ಬಂದವರೆಲ್ಲ ಕೆದಕುವುದು. ಘಟನೆಯಾದ ಕೂಡಲೇ ಕೂರಿಸಿಕೊಂಡು ಎಲ್ಲವನ್ನೂ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ಹಿಂದೆ ವೈದ್ಯರೂ ನಂಬಿದ್ದರು. ಅದರಿಂದ ಕಾಯಿಲೆ ತಪ್ಪುವುದಿಲ್ಲ ಎಂದು ಪರೀಕ್ಷಿಸಿ ನೋಡಿದ ಮೇಲೆ ಆ ಪದ್ಧತಿಯನ್ನು ಕೈಬಿಟ್ಟಿದ್ದಾರೆ. ತಾನಾಗಿ ಹೇಳಿದರೆ ಕೇಳಿ, ಬಲವಂತ ಬೇಡ. ಎರಡನೆಯದು, ನಿದ್ದೆ ಬರಲೆಂದು ಯಾರೋ ಕೊಟ್ಟ ನಿದ್ದೆಮಾತ್ರೆ ನುಂಗಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕೊಟ್ಟ ಸಲಹೆಯಲ್ಲಿ, ಆಘಾತದ ಮೊದಲ ತಿಂಗಳಲ್ಲಿ ಡಯಾಜೆಪಾಮ್ ಜಾತಿಯ ಮಾತ್ರೆಗಳನ್ನು ಕೊಡಬೇಡಿ ಎಂದೇ ಹೇಳಿದೆ.

ತಿಂಗಳು ಕಳೆದರೂ ಇಳಿಮುಖ ಕಾಣದಿದ್ದರೆ ಆಗ ಚಿಕಿತ್ಸೆಯ ಮಾತು.

ಮಾತಿನ ಚಿಕಿತ್ಸೆ: ಮುಳ್ಳಿನಿಂದಲೇ ಮುಳ್ಳು

"ಮಾತಾಡಿದರೆ ಕಾಯಿಲೆ ವಾಸಿಯಾಗುತ್ತದಾ? ಹಾಗಾದರೆ ಜಗಲಿ ಮೇಲೆ ಕೂತು ನಾವೂ ಮಾತಾಡ್ತೀವಲ್ಲ!" ಎಂದು ನೀವು ನಗಬಹುದು. ಜಗಲಿಯ ಮಾತು ಸಮಾಧಾನ ಕೊಡುತ್ತದೆ, ಅದೂ ಬೇಕು. ಚಿಕಿತ್ಸೆಯ ಮಾತಿಗೆ ಒಂದು ಕ್ರಮವಿದೆ.

ಕಾಲಿಗೆ ಮುಳ್ಳು ನಾಟಿದರೆ ಏನು ಮಾಡುತ್ತೇವೆ? ಆ ಕಾಲನ್ನು ಊರದೆ ಕುಂಟುತ್ತ ನಡೆದರೆ ಆ ಹೊತ್ತಿಗೆ ನೋವು ತಪ್ಪುತ್ತದೆ, ಆದರೆ ಮುಳ್ಳು ಒಳಗೇ ಕೀವಾಗುತ್ತದೆ. ಇನ್ನೊಂದು ಮುಳ್ಳನ್ನೋ ಸೂಜಿಯನ್ನೋ ತಂದು ಮೆಲ್ಲಗೆ ಬಿಡಿಸಬೇಕು. ಬಿಡಿಸುವಾಗ ನೋಯುತ್ತದೆ, ಬಿಡಿಸಿದ ಮೇಲೆ ಹಾಯೆನಿಸುತ್ತದೆ. ಮಾತಿನ ಚಿಕಿತ್ಸೆಯೂ ಹೀಗೇ. ನೆನಪಿನಿಂದ ಓಡಿದಷ್ಟೂ ಭಯ ಬಲಿಯುತ್ತದೆ. ಭದ್ರವಾದ ಜಾಗದಲ್ಲಿ, ಪಳಗಿದವರ ಜೊತೆಯಲ್ಲಿ, ಆ ನೆನಪನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿದರೆ "ಅದು ಆಗಿಹೋದದ್ದು, ಈಗ ಆಗುತ್ತಿಲ್ಲ" ಎಂಬುದು ಮನಸ್ಸಿಗೆ ಮನದಟ್ಟಾಗುತ್ತದೆ.

ಇದರಲ್ಲಿ ಮುಖ್ಯವಾದವು ಮೂರು ಬಗೆ. ಮೊದಲನೆಯದರಲ್ಲಿ ಆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹಲವು ಸಲ ಹೇಳಿಸುತ್ತಾರೆ. ಜೊತೆಗೆ, ಹೆದರಿ ಬಿಟ್ಟ ಜಾಗಗಳಿಗೆ ಹಂತಹಂತವಾಗಿ ಹೋಗಲು ಅಭ್ಯಾಸ ಮಾಡಿಸುತ್ತಾರೆ. ಹೊಳೆಯ ಭಯವಿದ್ದವಳು ಮೊದಲ ವಾರ ಊರ ಕೊನೆಯವರೆಗೆ, ಆಮೇಲೆ ಗದ್ದೆಬದುವಿನವರೆಗೆ, ಕೊನೆಗೆ ಸೋಪಾನದವರೆಗೆ ಹೋಗಿ ಬರುತ್ತಾಳೆ. ನೀರು ಶಾಂತವಾಗಿರುವಾಗ, ಜೊತೆಗೊಬ್ಬರನ್ನು ಇಟ್ಟುಕೊಂಡು.

ಎರಡನೆಯದು ತಪ್ಪು ಯೋಚನೆಯನ್ನು ತಿದ್ದುವ ಬಗೆ. "ಪ್ರಸಾದ ತಿನ್ನು ಎಂದು ನಾನೇ ಕೊಟ್ಟೆ, ನಾನೇ ಕೊಂದೆ" ಎಂದು ಕೊರಗುವ ತಾಯಿಯನ್ನು ಕೂರಿಸಿ, "ಅದರಲ್ಲಿ ವಿಷವಿದೆಯೆಂದು ಆಗ ನಿಮಗೆ ತಿಳಿದಿತ್ತೆ? ನಿಮ್ಮ ಅಕ್ಕನೇ ಆ ಜಾಗದಲ್ಲಿದ್ದರೆ ಅವಳನ್ನು ಹೀಗೆ ದೂರುತ್ತಿದ್ದಿರಾ?" ಎಂದು ಕೇಳುತ್ತಾ ಕೇಳುತ್ತಾ ಆ ಕೊರಗಿನ ಗಂಟು ಬಿಡಿಸುತ್ತಾರೆ.

ಮೂರನೆಯದು ಇ.ಎಂ.ಡಿ.ಆರ್. ನೆನಪನ್ನು ಮನಸ್ಸಿಗೆ ತಂದುಕೊಂಡು ಚಿಕಿತ್ಸಕರ ಬೆರಳು ಅತ್ತಿತ್ತ ಓಡುವುದನ್ನು ಕಣ್ಣಿನಿಂದ ಹಿಂಬಾಲಿಸುವ ಪದ್ಧತಿ. ಅಮೆರಿಕದ ಫ್ರಾನ್ಸಿನ್ ಶಪಿರೊ ಎಂಬಾಕೆ 1980ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಇದರಲ್ಲಿ ಬಾಯಿಬಿಟ್ಟು ಹೇಳಬೇಕಾದದ್ದು ಕಡಿಮೆ.

ಸಾಮಾನ್ಯವಾಗಿ ವಾರಕ್ಕೊಂದು ಸಲ, ಒಂದರಿಂದ ಒಂದೂವರೆ ಗಂಟೆ, ಎಂಟರಿಂದ ಹನ್ನೆರಡು ವಾರ ಇದು ನಡೆಯುತ್ತದೆ. ಮೊದಲ ಎರಡು ಮೂರು ವಾರ ಕನಸು, ಕಳವಳ ಒಂದಿಷ್ಟು ಹೆಚ್ಚಾದರೂ ಆಗಬಹುದು. ಆಗಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಅರ್ಧ ಕಿತ್ತ ಮುಳ್ಳಿನ ಪಾಡು ನಿಮಗೆ ಗೊತ್ತಿದೆ. ಚಿಕಿತ್ಸಕರಿಗೆ ಹೇಳಿ ವೇಗ ಕಡಿಮೆ ಮಾಡಿಸಿಕೊಳ್ಳಬಹುದು, ನಡುವೆ ನಿಲ್ಲಿಸಬಾರದು.

ಮಾತ್ರೆ: ಬಾವು ಇಳಿಸುವ ಮದ್ದು

ಈ ಕಾಯಿಲೆಗೆ ಕೊಡುವ ಮಾತ್ರೆಗಳು ಖಿನ್ನತೆಗೂ ಕೊಡುವಂಥವೇ. ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಮುಖ್ಯವಾದವು. ಅಮೆರಿಕದ ಔಷಧ ಇಲಾಖೆ ಈ ಕಾಯಿಲೆಗೆಂದೇ ಮೊದಲು ಒಪ್ಪಿಗೆ ಕೊಟ್ಟದ್ದು ಸರ್ಟ್ರಾಲಿನ್‌ಗೆ, 1999ರಲ್ಲಿ. ಮಿದುಳಿನ ನರಗಳ ನಡುವೆ ಸುದ್ದಿ ಸಾಗಿಸುವ ಸಿರೊಟೋನಿನ್ ಎಂಬ ರಸದ ಮೇಲೆ ಇವು ಕೆಲಸ ಮಾಡುತ್ತವೆ. ಬೆಚ್ಚುವಿಕೆ, ಸಿಡುಕು, ಮಂಕು ತಗ್ಗುತ್ತದೆ. ಮುಳ್ಳಿನ ಮಾತಿನಲ್ಲೇ ಹೇಳುವುದಾದರೆ ಬಾವು ಇಳಿಯುತ್ತದೆ, ಊರಿ ನಡೆಯಲು ಆಗುತ್ತದೆ.

ಆದರೆ ಮೂರು ಸಂಗತಿ ಮರೆಯಬಾರದು.

ಮೊದಲನೆಯದು, ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಗೆ ಇದು ನಾಟುವುದಿಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. "ನಾಲ್ಕು ದಿನ ತಿಂದೆ, ಏನೂ ಆಗಲಿಲ್ಲ" ಎಂದು ಬಿಟ್ಟರೆ ದುಡ್ಡೂ ದಂಡ, ದಿನವೂ ದಂಡ.

ಎರಡನೆಯದು, ಮೊದಲ ವಾರಗಳಲ್ಲಿ ವಾಕರಿಕೆ, ಭೇದಿ, ತಲೆನೋವು, ಚಡಪಡಿಕೆ ಬರಬಹುದು, ಸಾಮಾನ್ಯವಾಗಿ ತಾನೇ ಕಡಿಮೆಯಾಗುತ್ತದೆ. ಗಂಡ-ಹೆಂಡಿರ ಸಂಬಂಧದಲ್ಲಿ ಆಸಕ್ತಿ ಕುಂದಬಹುದು. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಹರೆಯದವರಲ್ಲಿ ಸಾಯುವ ಯೋಚನೆ ಬಂದರೆ ಕೂಡಲೇ ತಿಳಿಸಬೇಕು. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆ ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಒಸರುವ ಸಂಭವ ಹೆಚ್ಚು. ನೀವು ತಿನ್ನುವ ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ. ಬಸುರಿಯರು, ಹಾಲೂಡಿಸುವ ತಾಯಂದಿರು ಮೊದಲೇ ಹೇಳಬೇಕು. ತಾವೇ ಹೆದರಿ ನಿಲ್ಲಿಸಬಾರದು.

ಮೂರನೆಯದು, ಗುಣ ಕಂಡ ಮೇಲೂ ಸುಮಾರು ಒಂದು ವರ್ಷ ಮುಂದುವರಿಸಲು ಹೇಳುತ್ತಾರೆ. ದಿಢೀರನೆ ನಿಲ್ಲಿಸಿದರೆ ತಲೆ ಸುತ್ತು, ತಳಮಳ ಬರುತ್ತದೆ, ಕಾಯಿಲೆಯೂ ಮರುಕಳಿಸಬಹುದು. ಡಾಕ್ಟರು ಹೇಳಿದಂತೆ ಮೆಲ್ಲಮೆಲ್ಲಗೆ ಇಳಿಸಬೇಕು.

ಇನ್ನು ಆಲ್‌ಪ್ರಜೋಲಂ, ಡಯಾಜೆಪಾಮ್, ಕ್ಲೋನಾಜೆಪಾಮ್‌ನಂಥ ನಿದ್ದೆಯ ಮಾತ್ರೆಗಳು. ಇವು ಅದೇ ರಾತ್ರಿ ನಿದ್ದೆ ಕೊಡುವುದರಿಂದ ಎಲ್ಲರಿಗೂ ಇಷ್ಟ. ಆದರೆ ಈ ಕಾಯಿಲೆಗೆ ಇವು ಮದ್ದಲ್ಲ. ಬರಬರುತ್ತ ಅರ್ಧ ಮಾತ್ರೆ ಒಂದಾಗಿ, ಒಂದು ಎರಡಾಗಿ, ಬಿಡಲಾರದ ಚಟವಾಗುತ್ತದೆ. ಮಾತಿನ ಚಿಕಿತ್ಸೆಗೂ ಇವು ಅಡ್ಡಗಾಲು. "ಮಾತ್ರೆ" ಎಂದ ಕೂಡಲೇ ನಮ್ಮವರ ಕಣ್ಣಿಗೆ ಬರುವುದು ಇದೇ. ಆದ್ದರಿಂದಲೇ ನಿಜವಾದ ಮದ್ದಿಗೂ ಕೆಟ್ಟ ಹೆಸರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ತೂಗಿ ನೋಡಿದರೆ

ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಪಿ.ಟಿ.ಎಸ್.ಡಿ. ಕೇಂದ್ರ ರೋಗಿಗಳಿಗೆ ಅರ್ಥವಾಗಲೆಂದು ಒಂದು ಸರಳ ಲೆಕ್ಕ ಕೊಡುತ್ತದೆ. ಆಘಾತದ ನೆನಪನ್ನೇ ಎದುರಿಸುವ ಮಾತಿನ ಚಿಕಿತ್ಸೆ ಪಡೆದ ನೂರು ಮಂದಿಯಲ್ಲಿ 53 ಮಂದಿ ಈ ಕಾಯಿಲೆಯಿಂದ ಹೊರಬರುತ್ತಾರೆ. ಮಾತ್ರೆ ತೆಗೆದುಕೊಂಡ ನೂರು ಮಂದಿಯಲ್ಲಿ 42. ಏನೂ ಚಿಕಿತ್ಸೆಯಿಲ್ಲದೆ ಬಿಟ್ಟರೆ ನೂರಕ್ಕೆ 9. ಅಲ್ಲಿಯ ಲೆಕ್ಕ ಇಲ್ಲಿಗೆ ಕರಾರುವಾಕ್ಕಾಗಿ ಹೊಂದಬೇಕೆಂದಿಲ್ಲ, ಆದರೂ ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಾತಿಗೂ ಮಾತ್ರೆಗೂ ಇರುವ ಅಂತರ ಹನ್ನೊಂದು. ಮಾತ್ರೆಗೂ ಸುಮ್ಮನಿರುವುದಕ್ಕೂ ಇರುವ ಅಂತರ ಮೂವತ್ತಮೂರು! ಯಾವುದು ಮೇಲು ಎಂದು ತರ್ಕ ಮಾಡುತ್ತ ಕೂತು ಯಾವುದನ್ನೂ ಮಾಡದಿರುವುದೇ ದೊಡ್ಡ ನಷ್ಟ.

ಮಾತಿನ ಚಿಕಿತ್ಸೆಯ ಹೆಚ್ಚುಗಾರಿಕೆ ಇನ್ನೊಂದಿದೆ. ಅದು ಮುಗಿದ ಮೇಲೂ ಗುಣ ಉಳಿಯುತ್ತದೆ. ಮಾತ್ರೆಯ ಗುಣ ಬಹುಮಟ್ಟಿಗೆ ತಿನ್ನುವವರೆಗೆ. ಅದಕ್ಕೇ ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ (2018) ಮಾತನ್ನೇ ಮೊದಲು ಇಡುತ್ತದೆ, ರೋಗಿ ಮಾತ್ರೆಯೇ ಬೇಕೆಂದರೆ ಅದನ್ನು ಕೊಡಬಹುದೆನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾತು ನಮಗೆ ಇನ್ನೂ ಹತ್ತಿರದ್ದು. ಅದು ಹೇಳುವುದಿಷ್ಟು: ಮಾತಿನ ಚಿಕಿತ್ಸೆ ಮೊದಲು. ಅದು ಫಲ ಕೊಡದಿದ್ದರೆ, ಅಥವಾ ಜೊತೆಗೆ ಖಿನ್ನತೆಯೂ ಜೋರಾಗಿದ್ದರೆ, ಅಥವಾ ಆ ಚಿಕಿತ್ಸೆ ಸಿಗುವಂತಿಲ್ಲದಿದ್ದರೆ ಮಾತ್ರೆ.

ಹಾಗಾದರೆ ಯಾರಿಗೆ ಯಾವುದು?

ವಾರವಾರ ಹೋಗಿಬರಲು ಅನುಕೂಲವಿದ್ದು, ನೆನಪನ್ನು ಎದುರಿಸುವ ಮನಸ್ಸಿದ್ದರೆ ಮಾತಿನ ಚಿಕಿತ್ಸೆಯಿಂದ ಶುರುಮಾಡುವುದು ಮೇಲು.

ಊಟ ಬಿಟ್ಟು, ಹಾಸಿಗೆ ಬಿಟ್ಟೇಳದೆ, ಬದುಕೇ ಬೇಡವೆನ್ನುವಷ್ಟು ಮಂಕು ಕವಿದಿದ್ದರೆ ಮಾತ್ರೆ ಬೇಕು. ಸ್ವಲ್ಪ ಚೇತರಿಸಿದ ಮೇಲೆ ಮಾತನ್ನೂ ಸೇರಿಸಬಹುದು.

ಕೂಲಿ ಬಿಟ್ಟು ಪ್ರತಿವಾರ ಬಸ್ಸು ಹತ್ತಲಾಗದವರು ಮಾತ್ರೆ ಆರಿಸಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಎರಡನೆಯ ದರ್ಜೆಯ ಚಿಕಿತ್ಸೆ ಎಂದು ಕೀಳರಿಮೆ ಬೇಡ. ಎರಡನ್ನೂ ಒಟ್ಟಿಗೆ ಪಡೆಯುವವರೂ ಇದ್ದಾರೆ.

ನಮ್ಮ ಕೈಗೆ ಎಟುಕುವುದೇನು?

ಇಲ್ಲೇ ಇರುವುದು ನಿಜವಾದ ತೊಡಕು. ಹಳ್ಳಿಗಳಿಗೆ ಮನೋವೈದ್ಯ ಸೇವೆ ಮುಟ್ಟಿಸುವ ಪ್ರಯತ್ನ ನಮ್ಮ ರಾಜ್ಯದಲ್ಲಿ ಹಳೆಯದು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಚಿಕಿತ್ಸೆ ಶುರುಮಾಡಿಸಿತು. ಅದೇ ಮಾದರಿಯಲ್ಲಿ 1996ರಿಂದ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇದರಿಂದ ಮಾತ್ರೆ ಹಳ್ಳಿಯ ಹತ್ತಿರಕ್ಕೆ ಬಂತು, ನಿಜ. ಆದರೆ ಒಬ್ಬ ರೋಗಿಗೆ ಹನ್ನೆರಡು ವಾರ ಒಂದೊಂದು ಗಂಟೆ ಕೊಡಬಲ್ಲ, ಅದರಲ್ಲೇ ಪಳಗಿದ ಮನಶ್ಶಾಸ್ತ್ರಜ್ಞರು ಇರುವುದು ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಮಾತಿಗಿಂತ ಮಾತ್ರೆ ಅಗ್ಗ, ಬೇಗ. ಹಳ್ಳಿಯವರ ಪಾಲಿಗೆ ಬಹಳ ಸಲ ಆಯ್ಕೆಯೇ ಇರುವುದಿಲ್ಲ.

ಇದಕ್ಕೂ ದಾರಿಯಿಲ್ಲದಿಲ್ಲ. 2004ರ ಸುನಾಮಿಯ ನಂತರ ನಿಮ್ಹಾನ್ಸ್‌ನವರು ಊರಿನ ಕಾರ್ಯಕರ್ತರಿಗೇ ಸಾಂತ್ವನದ ತರಬೇತಿ ಕೊಟ್ಟಿದ್ದರು. ಗೋವಾದಲ್ಲಿ ಸಂಗಾತ್ ಸಂಸ್ಥೆ ವೈದ್ಯರಲ್ಲದ ಸಾಮಾನ್ಯರನ್ನು ತಯಾರು ಮಾಡಿ, ಖಿನ್ನತೆಯ ರೋಗಿಗಳಿಗೆ ಮಾತಿನ ಚಿಕಿತ್ಸೆ ಕೊಡಿಸಿ ಗುಣ ಕಂಡಿದೆ. ನಮ್ಮ ಆಶಾ, ಅಂಗನವಾಡಿ ಸೋದರಿಯರಲ್ಲಿ ಅಂಥ ಶಕ್ತಿ ಇಲ್ಲವೇ? ಹೊಳೆ ಪ್ರತಿ ನಾಲ್ಕಾರು ವರ್ಷಕ್ಕೆ ಊರೊಳಗೆ ಬರುವುದಾದರೆ, ಹಿಟ್ಟು-ಬೇಳೆಯ ಕಿಟ್ಟಿನ ಜೊತೆ ಇಂಥ ಒಬ್ಬಳು ತರಬೇತಾದವಳೂ ಊರಿಗೆ ಬೇಕು. ಗ್ರಾಮಸಭೆಯಲ್ಲಿ ಇದನ್ನು ಕೇಳುವ ಹಕ್ಕು ನಿಮಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಸರ್ಕಾರಿ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದೇ ಹೇಳಿದೆ.

ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ಮೊದಲು ಹತ್ತಿರದ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುವ 'ಮನೋಚೈತನ್ಯ' ಏರ್ಪಾಡನ್ನು ರಾಜ್ಯ 2014ರಲ್ಲಿ ಶುರುಮಾಡಿತು. ನಿಮ್ಮಲ್ಲಿ ಯಾವ ದಿನ ಬರುತ್ತಾರೆಂದು ವಿಚಾರಿಸಿ. ಮುಂದಕ್ಕೆ ಚಾಮರಾಜನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ಬಸ್ಸು ಹತ್ತಲಾಗದವರಿಗೆ ಫೋನಿನ ದಾರಿಯೂ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆಯ ನಂಬರು 14416. ಕನ್ನಡದಲ್ಲೇ ಮಾತಾಡಬಹುದು, ಹಗಲೂ ರಾತ್ರಿ ಇರುತ್ತದೆ, ಖರ್ಚಿಲ್ಲ. ಈ ನಂಬರನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ.

ಮನೆಯವರ ಪಾಲು

"ಎಲ್ಲರಿಗೂ ಆದದ್ದೇ, ನಿನಗೊಬ್ಬಳಿಗಾ?" ಎನ್ನಬೇಡಿ. "ಮರೆತುಬಿಡು" ಎನ್ನಬೇಡಿ. ಮರೆಯಲು ಆಗುತ್ತಿದ್ದರೆ ಅವಳು ಎಂದೋ ಮರೆಯುತ್ತಿದ್ದಳು.

ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ. ಅಳು ಬಂದರೆ ಅಳಲಿ.

ಕನಸಿನಲ್ಲಿ ಚೀರಿ ಎದ್ದರೆ ಮೈ ಹಿಡಿದು ಅಲ್ಲಾಡಿಸಬೇಡಿ. ದೀಪ ಹಾಕಿ, ಹೆಸರು ಹಿಡಿದು ಕರೆದು, "ನಮ್ಮ ಮನೇಲಿದ್ದೀಯ, ಏನೂ ಆಗಿಲ್ಲ" ಎನ್ನಿ. ಮುಖಕ್ಕೆ ನೀರು, ಕುಡಿಯಲು ನೀರು ಕೊಡಿ.

ಎದ್ದೇಳುವುದು, ಊಟ, ನಿದ್ದೆ ಹೊತ್ತಿಗೆ ಸರಿಯಾಗಿ ಆಗಲಿ. ಸಂಜೆಯ ಮೇಲೆ ಕಾಫಿ ಬೇಡ.

ಹೊಲದ ಔಷಧಿಯನ್ನು ಮನೆಯೊಳಗೆ, ಅಟ್ಟದಲ್ಲಿ, ಅಡುಗೆಮನೆಯ ಮೂಲೆಯಲ್ಲಿ ಇಡಲೇಬೇಡಿ. ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇರಲಿ. ನೊಂದ ಮನಸ್ಸಿನ ಒಂದು ಕೆಟ್ಟ ಗಳಿಗೆಗೆ ಅದು ಕೈಗೆ ಸಿಗಬಾರದು.

ಸಂದೇಹ – ಸಮಾಧಾನ

*ತಾಯತ ಕಟ್ಟಿಸಿದ್ದೇವೆ, ಹರಕೆ ಹೊತ್ತಿದ್ದೇವೆ. ಡಾಕ್ಟರ ಹತ್ತಿರವೂ ಹೋಗಬೇಕೆ?*

ಯಂತ್ರ-ಮಂತ್ರಕ್ಕೆ ಊರೂರಿನವರು ಕೊಳ್ಳೇಗಾಲವನ್ನು ಹುಡುಕಿಕೊಂಡು ಬರುತ್ತಾರೆ, ಇಲ್ಲಿಯವರು ಅದನ್ನು ಬಿಡಲಿ ಎಂದರೆ ಕೇಳುವವರಾರು! ಮಾದಪ್ಪನ ಮೇಲಿನ ಭಕ್ತಿ ಧೈರ್ಯ ಕೊಟ್ಟರೆ ಒಳ್ಳೆಯದೇ. ಆದರೆ ಹೊಡೆದು, ಬರೆ ಹಾಕಿ, ಉಪವಾಸ ಕೆಡವಿ "ಬಿಡಿಸುವ" ಕಡೆಗೆ ಕರೆದೊಯ್ಯಬೇಡಿ. ಅದು ಇನ್ನೊಂದು ಆಘಾತ. ತಾಯತ ತೋಳಲ್ಲಿರಲಿ, ಚಿಕಿತ್ಸೆ ನಿಲ್ಲದಿರಲಿ.

*ಮಕ್ಕಳಿಗೂ ಮಾತ್ರೆ ಕೊಡುತ್ತಾರೆಯೆ?*

ಈ ಕಾಯಿಲೆಗೆ ಮಕ್ಕಳಿಗೆ ಮಾತಿನ, ಆಟದ, ಚಿತ್ರ ಬರೆಸುವ ಚಿಕಿತ್ಸೆಯೇ ಮೊದಲು. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ, ಸೆರಗು ಬಿಡದಿದ್ದರೆ, ಆದದ್ದನ್ನೇ ಆಟವಾಗಿ ಆಡುತ್ತಿದ್ದರೆ ಗದರಬೇಡಿ, ಡಾಕ್ಟರಿಗೆ ತೋರಿಸಿ.

*ಯಜಮಾನರು ಆದದ್ದನ್ನು ಬಾಯಿಬಿಡುವುದಿಲ್ಲ, ಕುಡಿತ ಹೆಚ್ಚಾಗಿದೆ.*

ಗಂಡಸರಲ್ಲಿ ಬಹಳ ಸಲ ಭಯ ಕಾಣಿಸುವುದು ಕೋಪವಾಗಿ, ಕುಡಿತವಾಗಿ. ಕುಡಿದರೆ ನಿದ್ದೆ ಬಂದಂತಾಗುತ್ತದೆ, ನಡುರಾತ್ರಿ ಕನಸು ಇಮ್ಮಡಿಯಾಗುತ್ತದೆ. "ನಿದ್ದೆಗೆ ತೋರಿಸೋಣ ಬನ್ನಿ" ಎಂದು ಕರೆದೊಯ್ದರೆ ಒಪ್ಪುತ್ತಾರೆ. ಕುಡಿತದ ಸಂಗತಿಯನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಮಾತ್ರೆ ಆರಿಸುವಾಗ ಅದು ಮುಖ್ಯ.

*ಆಗಿ ಎಷ್ಟೋ ವರ್ಷವಾಯಿತು. ಈಗ ಚಿಕಿತ್ಸೆಯಿಂದ ಪ್ರಯೋಜನವುಂಟೆ?*

ಉಂಟು. ಹತ್ತು ಇಪ್ಪತ್ತು ವರ್ಷ ಹಳೆಯ ಆಘಾತವೂ ಚಿಕಿತ್ಸೆಗೆ ಬಗ್ಗುತ್ತದೆ.

*ನಾಲ್ಕು ಜನಕ್ಕೆ ಗೊತ್ತಾದರೆ ಮಗಳ ಮದುವೆಗೆ ತೊಂದರೆಯಲ್ಲವೆ?*

ಈ ಅಂಜಿಕೆ ಎಷ್ಟು ತಾಯಂದಿರನ್ನು ಮನೆಯಲ್ಲೇ ಕೊರಗಿಸಿದೆಯೋ! ರೋಗಿಯ ಗುಟ್ಟನ್ನು ಕಾಪಾಡುವುದು ವೈದ್ಯರ ಕರ್ತವ್ಯವೆಂದು ಕಾಯಿದೆಯೇ ಹೇಳುತ್ತದೆ. ನೀವು ಹೇಳದೆ ಅವರು ಹೇಳುವಂತಿಲ್ಲ.

ಆಸ್ಪತ್ರೆಗೆ ಹೋಗುವಾಗ ಚೀಟಿಯಲ್ಲಿ ಬರೆದುಕೊಳ್ಳಿ

ಮನೋವೈದ್ಯರ ಮುಂದೆ ಕೂತಾಗ ಕೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಗುತ್ತದೆ. ಆದ್ದರಿಂದ ಈ ಐದು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ.

1. ಇಲ್ಲಿ ಮಾತಿನ ಚಿಕಿತ್ಸೆ ಕೊಡುವವರು ಇದ್ದಾರೆಯೆ? ಇಲ್ಲದಿದ್ದರೆ ಹತ್ತಿರ ಎಲ್ಲಿ?
2. ಅದು ಬರಿಯ ಸಮಾಧಾನದ ಮಾತೋ, ಆದ ಆಘಾತವನ್ನೇ ಕುರಿತ ಚಿಕಿತ್ಸೆಯೋ?
3. ಬರೆದುಕೊಟ್ಟ ಮಾತ್ರೆಯ ಹೆಸರೇನು? ಇದು ನಿದ್ದೆಯ ಮಾತ್ರೆಯೋ, ಕಾಯಿಲೆಯ ಮಾತ್ರೆಯೋ?
4. ಗುಣ ಕಾಣಲು ಎಷ್ಟು ವಾರ? ಎಷ್ಟು ತಿಂಗಳು ತಿನ್ನಬೇಕು? ಹೇಗೆ ನಿಲ್ಲಿಸಬೇಕು?
5. ಮುಂದಿನ 'ತೋರಿಸುವ ದಿನ' ಯಾವುದು? ನಡುವೆ ತೊಂದರೆಯಾದರೆ ಯಾರನ್ನು ಕೇಳಬೇಕು?

ಐದಕ್ಕೂ ಉತ್ತರ ಸಿಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಜೊತೆಗೆ ಓದು-ಬರಹ ಬಲ್ಲ ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.